ವೇಬಿಲ್ಲಿಗೆ ಹಾಕುವ ಸಹಿ

ಆ ಫಾರಂ ಮೇಲಿದ್ದ ಸಹಿ ನನ್ನದೇ, ಶೋಭಾ ಮೇಡಂ. ನಿಮ್ಮ ಕೌಂಟರಿನ ಮುಂದೆ ನಿಂತು, ನೀವು ಕೊಟ್ಟ ಪೆನ್ನಿನಲ್ಲೇ, ನನ್ನ ಕೈಯಾರೆ ಹಾಕಿದ ಸಹಿ. ನನ್ನ ಖಾತೆಯಿಂದ ತಿಂಗಳು ತಿಂಗಳು ಇನ್ಶೂರೆನ್ಸ್ ಕಂಪನಿಗೆ ತಾನಾಗಿಯೇ ಕಟ್ ಆಗುತ್ತಿದ್ದ ಹಣವನ್ನು ನಿಲ್ಲಿಸಿ ಎಂದು ಕೇಳಿದವನು ನಾನು. ಆಮೇಲೆ ವಿಚಾರಣೆಗೆ ಬಂದ ಅಧಿಕಾರಿಯ ಎದುರು, ನೀವು ಎರಡು ಮಾರು ದೂರದಲ್ಲಿ ನಿಂತಿದ್ದಾಗ, ಅದು ನನ್ನ ಸಹಿಯಲ್ಲ ಎಂದವನೂ ನಾನೇ.

ಇಷ್ಟು ಬರೆಯುವುದಕ್ಕೆ ನಾಲ್ಕು ವರ್ಷ ಹಿಡಿಯಿತು. ಈ ಕಾಗದವನ್ನು ನೀವೊಬ್ಬರೇ ಅಲ್ಲ, ನಿಮ್ಮ ಮೇಲಿನವರೂ ಓದಬೇಕು. ಅದಕ್ಕೇ ನಿಮಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿಂದ ಹೇಳುತ್ತೇನೆ. ಬೇಸರ ಮಾಡಿಕೊಳ್ಳಬೇಡಿ. ಅಥವಾ ಮಾಡಿಕೊಳ್ಳಿ — ಮಾಡಿಕೊಳ್ಳಬೇಡಿ ಎನ್ನಲು ನಾನ್ಯಾರು?

ನಾನು ನಾರಾಯಣಸ್ವಾಮಿ. ಬಂಗಾರಪೇಟೆಯಿಂದ ಊರಿಗಾಂ ಮೇಲೆ ಬೇತಮಂಗಲಕ್ಕೆ ಹೋಗುವ ಬಸ್ಸಿನ ಕಂಡಕ್ಟರ್. ನೀವು ಹಾವೇರಿ ಕಡೆಯವರು. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಬಂಗಾರಪೇಟೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ದಿನಾ ಬೆಳಿಗ್ಗೆ ನನ್ನ ಬಸ್ಸು ಹತ್ತಿ, ಊರಿಗಾಂ ಸ್ಟಾಪಿನ ಎದುರಿಗಿರುವ ಬ್ಯಾಂಕಿಗೆ ಹೋಗುತ್ತಿದ್ದಿರಿ. ನನ್ನ ಸಂಬಳದ ಖಾತೆ ಇದ್ದದ್ದೂ ಅಲ್ಲೇ. ಈ ರೂಟಿನಲ್ಲಿ ಒಬ್ಬರು ತಮಿಳಲ್ಲಿ ಟಿಕೆಟ್ ಕೇಳುತ್ತಾರೆ, ಇನ್ನೊಬ್ಬರು ತೆಲುಗಲ್ಲಿ ಚಿಲ್ಲರೆ ಕೇಳುತ್ತಾರೆ, ನಾನು ಇಬ್ಬರಿಗೂ ಕನ್ನಡದಲ್ಲಿ ಬೈಯುತ್ತೇನೆ. ನೀವು ಮೊದಲ ವಾರ ಕಣ್ಣು ಕಣ್ಣು ಬಿಟ್ಟುಕೊಂಡು ಕೂತಿದ್ದಿರಿ. ಕೌಂಟರಿಗೆ ಬರುವ ತಮಿಳು ಮುದುಕಿಯರ ಹತ್ತಿರ ಸಹಿ ಹಾಕಿಸಬೇಕಾದರೆ ‘ಕೈಯೆಳುತ್ತು’ ಅನ್ನಬೇಕು ಎಂದು ನಿಮಗೆ ಹೇಳಿಕೊಟ್ಟವನು ನಾನೇ. ನೀವು ಅದನ್ನು ಡೈರಿಯಲ್ಲಿ ಬರೆದುಕೊಂಡಿರಿ. ಸಂಜೆ ವಾಪಸ್ ಹತ್ತಿದಾಗ, ಕೆಲಸ ಆಯ್ತು ನೋಡ್ರಿ ಎಂದು ನಕ್ಕಿರಿ. ಡ್ರೈವರ್ ಹಿಂದಿನ ಸೀಟನ್ನು ನಿಮಗಾಗಿ ಹಿಡಿದಿಡುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು.

ಇನ್ನು ನನ್ನ ಅಕ್ಕ, ಮುನಿರತ್ನಮ್ಮ. ಬೇತಮಂಗಲದಲ್ಲಿ ಮಗಳು ಸುಜಾತ, ಅಳಿಯ ರವಿಯ ಜೊತೆ ಇದ್ದಾಳೆ. ಅಮ್ಮ ಹೋದಾಗ ನಾನು ಇನ್ನೂ ಚಡ್ಡಿ ಹಾಕುವ ಹುಡುಗ. ನನಗೆ ಅನ್ನ ಕಲಸಿಕೊಟ್ಟವಳು, ಸ್ಕೂಲಿಗೆ ಅಟ್ಟಿದವಳು, ಕೂಲಿ ಮಾಡಿ ಓದಿಸಿದವಳು ಅವಳು. ಭಾವ ಆಸ್ಪತ್ರೆ ಖರ್ಚಿಗೆ ಹೆದರಿ ಕಾಯಿಲೆಯನ್ನು ಮುಚ್ಚಿಟ್ಟುಕೊಂಡೇ ಸತ್ತರು. ಅದನ್ನು ನೋಡಿದ ಮೇಲೆ ನಾನು ಅಕ್ಕನ ಹೆಸರಲ್ಲಿ ಒಂದು ಆರೋಗ್ಯ ವಿಮೆ ಮಾಡಿಸಿ, ಅದರ ಕಂತು ನನ್ನ ಖಾತೆಯಿಂದಲೇ ಕಟ್ ಆಗುವ ಹಾಗೆ ಬರೆದುಕೊಟ್ಟೆ. ಒಳ್ಳೆಯ ಕೆಲಸ. ಆದರೆ ಆ ಒಳ್ಳೆಯ ಕೆಲಸವನ್ನು ನಾನು ಸುಮ್ಮನೆ ಮಾಡಲಿಲ್ಲ, ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ — ಡಿಪೋದಲ್ಲಿ, ಟೀ ಅಂಗಡಿಯಲ್ಲಿ, ಬಸ್ಸಿನಲ್ಲಿ ಕೂಡ.

ಸುಜಾತಳ ಸೀಮಂತದ ದಿನ ಬೀಗರ ಮುಂದೆಯೂ ಅದನ್ನೇ ತೆಗೆದೆ. ಅಕ್ಕನಿಗೆ ಏನಾದರೂ ಆದರೆ ನಾನಿದ್ದೇನೆ, ನೀವು ಯಾರೂ ಯೋಚನೆ ಮಾಡಬೇಡಿ ಅಂತ. ಅಕ್ಕ ಕೋಸಂಬರಿ ಬಡಿಸುತ್ತಿದ್ದವಳು ಹಾಗೇ ನಿಂತಳು.

“ಏನ್ಲಾ ನಾಣಿ, ನೀನು ಕಟ್ಟೋ ಇನ್ಸೂರೆನ್ಸ್‌ಗೆ ಮೈಕ್ ಇಟ್ಟು ಸಾರ್ತೀಯಾ? ನಾನೇನು ನಿನ್ನ ಬಸ್ಸಾಗೆ ಪುಕ್ಸಟ್ಟೆ ಬತ್ತಿರೋ ಗಿರಾಕಿನಾ?”

ಪಂಕ್ತಿಯಲ್ಲಿ ಕೂತವರೆಲ್ಲ ನಕ್ಕರು. ಬೀಗರಂತೂ ನೆತ್ತಿಗೆ ಹತ್ತುವಷ್ಟು ನಕ್ಕರು. ಅಕ್ಕನೂ ನಕ್ಕಳು, ಅವಳ ಮಟ್ಟಿಗೆ ಅದು ಅಲ್ಲಿಗೇ ಮುಗಿಯಿತು. ನನಗೆ ಮುಗಿಯಲಿಲ್ಲ. ಎಲೆಯ ಮುಂದಿಂದ ಎದ್ದು ಬಂದೆ. ನನ್ನ ದುಡ್ಡು ತಿಂದು ನನ್ನನ್ನೇ ಆಡಿಕೊಳ್ಳುತ್ತಾಳಾ — ಹೀಗೆಯೇ, ಈ ಮಾತಲ್ಲೇ ಅಂದುಕೊಂಡೆ. ನನ್ನನ್ನು ಸಾಕಿದವಳ ಬಗ್ಗೆ.

ಮಾರನೇ ದಿನ ಊರಿಗಾಂನಲ್ಲಿ ಬಸ್ಸು ಟೀಗೆ ನಿಂತಾಗ ನೇರ ನಿಮ್ಮ ಕೌಂಟರಿಗೆ ಬಂದೆ. ನನ್ನ ಮುಖ ನೋಡಿದ ಕೂಡಲೇ, ಏನಾಯ್ತ್ರಿ ಕಂಡಕ್ಟರ್ ಸಾಹೇಬ್ರ ಅಂದಿರಿ. ನಾನು ವಿಷಯ ಹೇಳಿದೆ. ನಿಜ ಹೇಳಲಾ? ನೀವು ಸತಾಯಿಸುತ್ತೀರಿ, ಕಂಪನಿಯವರ ಹತ್ತಿರ ಹೋಗಿ ಅನ್ನುತ್ತೀರಿ, ಆಗ ಅಲ್ಲೇ ಒಂದು ರಂಪ ಮಾಡಿ ಮನಸ್ಸು ಹಗುರ ಮಾಡಿಕೊಂಡು ಹೋಗೋಣ ಅಂತಲೇ ಬಂದಿದ್ದೆ. ನೀವು ಹಾಗೆ ಮಾಡಲಿಲ್ಲ.

“ಖಾತೆ ನಿಮ್ಮದ ಐತ್ರಿ. ನಿಲ್ಲಸ್ರಿ ಅಂತ ನೀವು ಬರದುಕೊಟ್ರ ನಾವು ನಿಲ್ಲಸಾಕ ಬೇಕು. ಕಂಪನಿಯವ್ರನ್ನ ಕೇಳ್ಕೊಂಡು ಬರ್ರಿ ಅನ್ನೋ ಹಕ್ಕು ನಮಗಿಲ್ಲ. ಆದ್ರ ಪಾಲಿಸಿ ಯಾರ ಹೆಸರಿಲೆ ಐತಿ, ಅವ್ರಿಗೆ ಗೊತ್ತೈತೇನ್ರಿ?”

ಗೊತ್ತು ಅಂದೆ. ಅದು ಮೊದಲ ಸುಳ್ಳು.

ನೀವು ಅಷ್ಟಕ್ಕೇ ಬಿಡಲಿಲ್ಲ. ಒಂದೊಂದಾಗಿ ಬಿಡಿಸಿ ಹೇಳಿದಿರಿ. ಕಟ್ ಆಗುವ ತಾರೀಖಿಗಿಂತ ಮುಂಚೆಯೇ ಬರೆದುಕೊಡಬೇಕು. ಕೊಟ್ಟಿದ್ದಕ್ಕೆ ರಸೀದಿ ಇಟ್ಟುಕೊಳ್ಳಬೇಕು. ನಿಲ್ಲಿಸಿದ ಮೇಲೂ ಹಣ ಹೋದರೆ ಬ್ಯಾಂಕಿಗೆ ದೂರು ಕೊಡಬಹುದು, ಬ್ಯಾಂಕು ಅದಕ್ಕೆ ಉತ್ತರ ಹೇಳಬೇಕು. ಆದರೆ ಬ್ಯಾಂಕಿನಲ್ಲಿ ನಿಲ್ಲಿಸಿದ ಮಾತ್ರಕ್ಕೆ ಕಂಪನಿಯ ಜೊತೆಗಿನ ಕರಾರು ಮುಗಿಯುವುದಿಲ್ಲ, ಅವರಿಗೆ ಬೇರೆಯಾಗಿ ತಿಳಿಸಬೇಕು. ಕಂತು ತಪ್ಪಿದರೆ ವಿಮೆ ಬಿದ್ದುಹೋಗುತ್ತದೆ. ಅಷ್ಟು ಹೇಳಿ, ಸಿಟ್ಟಿನಲ್ಲಿ ಬಂದ ಹಾಗಿದೆ, ತಾರೀಖಿಗೆ ಇನ್ನೂ ದಿನ ಇದೆ, ನಾಳೆ ಬೇಕಾದರೆ ಬನ್ನಿ ಎಂದಿರಿ. ನಾಳೆ ಎಂಬ ಮಾತು ಕಿವಿಗೆ ಬಿದ್ದದ್ದೇ ನನಗೆ ಇನ್ನಷ್ಟು ಉರಿಯಿತು.

ಹೊರಗೆ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ನೀವೇ ನಿಮ್ಮ ಅಕ್ಷರದಲ್ಲಿ ಫಾರಂ ತುಂಬಿಕೊಟ್ಟಿರಿ. ನಾನು ಸಹಿ ಗೀಚಿದೆ — ವೇಬಿಲ್ಲಿಗೆ ಹಾಕುವ ಸಹಿ. ಕಂಡಕ್ಟರ್ ಕೆಲಸ ಮಾಡಿದವರಿಗೆ ಇದು ಗೊತ್ತು. ಟ್ರಿಪ್ಪಿನ ಲೆಕ್ಕ ಬರೆಯುವ ಆ ಹಾಳೆಗೆ ಕುಲುಕಾಡುವ ಬಸ್ಸಿನಲ್ಲಿ ನಿಂತು ದಿನಕ್ಕೆ ಎಷ್ಟೋ ಸಲ ಸಹಿ ಹಾಕುತ್ತೇವೆ, ಪೂರ್ತಿ ಹೆಸರು ಬರೆಯುತ್ತಾ ಕೂತರೆ ಊರೇ ದಾಟಿಹೋಗುತ್ತದೆ. ‘ನಾ’ ಅಂತ ಬರೆದು ಒಂದು ಬಾಲ ಎಳೆದರೆ ಆಯಿತು. ಇಷ್ಟು ವರ್ಷದಲ್ಲಿ ಕೈಗೆ ಬೇರೆ ಸಹಿ ಮರೆತೇ ಹೋಗಿತ್ತು. ಬ್ಯಾಂಕಿನಲ್ಲಿ ಇದ್ದದ್ದು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಾಕಿದ, ದುಂಡಗಿನ ಅಕ್ಷರದ ಪೂರ್ತಿ ಹೆಸರು.

ನೀವು ನೋಡಿದಿರಿ. ಖಾತೆ ತೆಗೆಯುವಾಗ ಹಾಕಿದಂತೆ ಪೂರ್ತಿ ಸಹಿ ಹಾಕಿ ಎಂದಿರಿ. ನಾನು ಆಗಲೇ ಬಾಗಿಲ ಹತ್ತಿರ ಇದ್ದೆ. ಅಲ್ಲಿಂದಲೇ ಹೇಳಿದೆ:

“ದಿನಾ ನೋಡ್ತೀರಲ್ಲ ಮೇಡಂ, ಇದೂ ನನ್ನದೇಯಾ. ನಾನೇನು ಇಲ್ಲ ಅಂತೀನಾ?”

ನೀವು ನಕ್ಕು ಫಾರಂ ಒಳಗಿಟ್ಟಿರಿ. ನನ್ನನ್ನು ನಂಬಿ ಇಟ್ಟಿರಿ. ನೀವು ಕೊಟ್ಟ ರಸೀದಿಯನ್ನು ನಾನು ಬಸ್ಸು ಹತ್ತುವ ಮುಂಚೆಯೇ ಉಂಡೆ ಮಾಡಿ ಎಸೆದೆ.

ಸಿಟ್ಟು ಹದಿನೈದು ದಿನವೂ ನಿಲ್ಲಲಿಲ್ಲ. ಅಕ್ಕನಿಗೆ ಏನೂ ಗೊತ್ತಿಲ್ಲ. ಅವಳು ಎಂದಿನಂತೆ ಬೇತಮಂಗಲ ಸ್ಟಾಪಿಗೆ ಬಂದು ಹುರುಳಿಕಾಳು ಬಸ್ಸಾರಿನ ಡಬ್ಬಿ ನನ್ನ ಕೈಗಿಟ್ಟು ಹೋಗುತ್ತಿದ್ದಳು. ಡಬ್ಬಿ ಖಾಲಿ ಮಾಡಿ ತೊಳೆದು ಕೊಡುತ್ತಿದ್ದೆ. ಮತ್ತೆ ಶುರು ಮಾಡಿಸಬೇಕು, ಮತ್ತೆ ಶುರು ಮಾಡಿಸಬೇಕು — ಅಂದುಕೊಂಡದ್ದೇ ಬಂತು. ನಿಮ್ಮ ಮುಂದೆ ಹೋಗಿ ತಪ್ಪಾಯಿತು ಮೇಡಂ ಅನ್ನುವುದಕ್ಕೆ ನಾಚಿಕೆ. ಕಂಪನಿಯಿಂದ ಎರಡು ಸಲ ಕಾಗದ ಬಂತು, ಒಡೆಯದೆ ಬೀರುವಿನಲ್ಲಿಟ್ಟೆ. ಅಕ್ಕ ಒಂದು ಸಲ ಬಾಯಿಬಿಟ್ಟು, ನೀನು ಕಟ್ಟೋದು ದೊಡ್ಡದು ಕಣಪ್ಪ ಅಂದಿದ್ದರೆ ಅಂದೇ ಕಟ್ಟಿಬಿಡುತ್ತಿದ್ದೆ ಎಂದು ಆಗ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಈಗ ಅದನ್ನು ಬರೆಯುವಾಗ ನನಗೇ ಅಸಹ್ಯವಾಗುತ್ತದೆ.

ಐದನೇ ತಿಂಗಳಲ್ಲಿ ಅಕ್ಕ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದಳು. ಸೊಂಟದ ಕೀಲು ಮುರಿಯಿತು. ಕೋಲಾರದ ಖಾಸಗಿ ಆಸ್ಪತ್ರೆಯಲ್ಲಿ ವಿಮೆಯ ಕಾರ್ಡ್ ತೋರಿಸಿದರೆ, ಕಂಪ್ಯೂಟರ್ ಮುಂದೆ ಕೂತ ಹುಡುಗಿ ಇದು ಬಿದ್ದುಹೋಗಿ ತಿಂಗಳುಗಳಾದವು ಎಂದಳು. ಸುಜಾತ ನನ್ನ ಕಡೆ ತಿರುಗಿದಳು. ಕಂಕುಳಲ್ಲಿ ಹಸುಗೂಸು. ಮಾಮ ಅಂದಳು. ಸ್ಟ್ರೆಚರ್ ಮೇಲಿಂದ ಅಕ್ಕನೂ ನನ್ನನ್ನೇ ನೋಡುತ್ತಿದ್ದಳು.

ಬ್ಯಾಂಕಿನವರು ನಿಲ್ಲಿಸಿಬಿಟ್ಟಿದ್ದಾರೆ ಅಂದೆ.

ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ — ಇಲ್ಲ, ಗೊತ್ತಿದೆ. ಆ ಕ್ಷಣಕ್ಕೆ ಯಾರಾದರೂ ಒಬ್ಬರು ಬೇಕಾಗಿತ್ತು. ಬ್ಯಾಂಕು ಅಂದರೆ ಅದರಲ್ಲಿ ಯಾವ ಮುಖವೂ ಕಾಣುವುದಿಲ್ಲವಲ್ಲ. ನಿಮ್ಮ ಮುಖ ನೆನಪಾದದ್ದು ಆಮೇಲೆ.

ಅಕ್ಕನನ್ನು ಸರ್ಕಾರಿ ಆಸ್ಪತ್ರೆಗೆ ಸಾಗಿಸಿದೆವು. ಅಲ್ಲಿ ಡಾಕ್ಟರುಗಳು ಅವರ ಕೈಲಾದದ್ದನ್ನು ಮಾಡಿದರು, ಆದರೆ ಸರದಿ ಬರುವ ಹೊತ್ತಿಗೆ ದಿನಗಳು ಕಳೆದಿದ್ದವು. ಅಕ್ಕ ಈಗಲೂ ಕುಂಟುತ್ತಾಳೆ, ಕೋಲಿಲ್ಲದೆ ನಡೆಯಲಾರಳು.

ಅಳಿಯ ರವಿ ಓದಿದವನು. ಖಾತೆದಾರನ ಒಪ್ಪಿಗೆಯಿಲ್ಲದೆ ಬ್ಯಾಂಕು ಹಾಗೆಲ್ಲ ನಿಲ್ಲಿಸುವಂತಿಲ್ಲ, ಬಿಡಬಾರದು ಇವರನ್ನ, ಎಂದು ದೂರು ಬರೆದು ನನ್ನ ಮುಂದಿಟ್ಟ. ಖಾತೆ ನನ್ನದು, ನಾನೇ ಸಹಿ ಹಾಕಬೇಕು. ಅವತ್ತು ನಿಧಾನವಾಗಿ, ದುಂಡಗೆ, ಪೂರ್ತಿ ಹೆಸರು ಬರೆದೆ. ಹಾಗೆ ಬರೆಯುವಾಗಲೇ ನನಗೆ ಹೊಳೆದಿತ್ತು, ಮೇಡಂ. ಎರಡು ಸಹಿಗಳು ಬೇರೆ ಬೇರೆ ಎಂದು. ತಿಳಿದೇ ಮಾಡಿದೆ.

ದೂರು ಕೊಡಲು ಮನೆಯವರೆಲ್ಲ ಬ್ಯಾಂಕಿಗೆ ಬಂದ ದಿನ ನಾನೂ ಹಿಂದೆ ನಿಂತಿದ್ದೆ. ರವಿ ನಿಮ್ಮ ಮೇಲೆ ಕೂಗಾಡಿದ. ನೀವು ಎದ್ದು ನಿಂತು ನನ್ನನ್ನು ನೋಡಿದಿರಿ. ನೀವು ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಇವರೇ ಬಂದು ಸಿಟ್ಟಿನಲ್ಲಿ ನಿಲ್ಲಿಸಿ ಹೋದರು ಎಂದು. ಅದರ ಬದಲು, ಖಾತೆದಾರರ ವಿಷಯ ಬೇರೆಯವರ ಎದುರಿಗೆ ಹೇಳುವ ಹಾಗಿಲ್ಲ, ಅವರು ಒಬ್ಬರೇ ಒಳಗೆ ಬರಲಿ, ಮಾತಾಡೋಣ ಎಂದಿರಿ. ನನ್ನ ಮನೆಯವರ ಮುಂದೆ ನನ್ನ ಮಾನ ಉಳಿಸಿದಿರಿ. ನಾನು ಒಳಗೆ ಬರಲಿಲ್ಲ.

ವಾಕರ್ ಹಿಡಿದು ಆಟೋದಿಂದ ಇಳಿದಿದ್ದ ಅಕ್ಕ ಬ್ಯಾಂಕಿನ ಮೆಟ್ಟಿಲ ಹತ್ತಿರವೇ ಬಗ್ಗಲಾರದೆ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು, ಬಾಗಿಲಿಗೆ ಬಂದಿದ್ದ ನಿಮ್ಮ ಕಡೆ ತೂರಿದಳು. ನನ್ನ ಕಾಲು ತೆಗೆದ ಕೈ ಬಿದ್ದೋಗ ಎಂದು ಶಪಿಸಿದಳು. ನಮ್ಮ ಕಡೆ ಮಣ್ಣು ತೂರುವುದೆಂದರೆ ಹಾಳಾಗಿ ಹೋಗಲಿ ಎಂಬ ಶಾಪ ಎಂದು ನಿಮಗೂ ಗೊತ್ತಿತ್ತು, ನಿಮ್ಮ ಕಡೆಯೂ ಇದೆಯಂತಲ್ಲ. ನೀವು ಸೀರೆಯ ಮಣ್ಣನ್ನು ಕೊಡವಿಕೊಳ್ಳಲೂ ಇಲ್ಲ.

ವಿಚಾರಣೆಯ ದಿನ ಅಧಿಕಾರಿ ಫಾರಂ ನನ್ನ ಮುಂದೆ ಹಿಡಿದರು. ಒಳ್ಳೆಯ ಮನುಷ್ಯ, ಎರಡು ಸಲ ಕೇಳಿದರು. ಮೊಬೈಲಿಗೆ ಮೆಸೇಜ್ ಬಂದಿರಬೇಕಲ್ಲ ಅಂದರು. ಡ್ಯೂಟಿಯಲ್ಲಿ ನೋಡಲಿಲ್ಲ ಅಂದೆ. ಇದು ನಿಮ್ಮ ಸಹಿಯಾ?

“ಅಲ್ಲ ಸಾರ್. ನನ್ನ ಸಹಿ ಇಂಗಿಲ್ಲ.”

ನಿಮ್ಮ ಅಕ್ಷರದಲ್ಲಿ ತುಂಬಿದ ಫಾರಂ, ತಾಳೆಯಾಗದ ಸಹಿ. ನೀವು ಇನ್ನೂ ಪ್ರೊಬೇಷನ್‌ನಲ್ಲಿದ್ದವರು. ಕೆಲಸ ಖಾಯಂ ಆಗುವುದನ್ನು ತಡೆಹಿಡಿದರು, ದೂರದ ಶಾಖೆಗೆ ಹಾಕಿದರು ಎಂದು ಆಮೇಲೆ ಬ್ಯಾಂಕಿನ ಅಟೆಂಡರ್ ಹೇಳಿದ.

ಕೊನೆಯ ದಿನ ಸಂಜೆ ನೀವು ಬ್ಯಾಂಕಿನಲ್ಲಿದ್ದ ಸಾಮಾನನ್ನು ಒಂದು ಚೀಲದಲ್ಲಿ ಹಿಡಿದುಕೊಂಡು ಹತ್ತಿದಿರಿ. ಡ್ರೈವರ್ ಹಿಂದಿನ ಸೀಟು ಖಾಲಿ ಇದ್ದರೂ ಹಿಂದೆ ಹೋಗಿ ಕೂತಿರಿ. ನಾನು ಟಿಕೆಟ್ ಮೆಷಿನ್ ಹಿಡಿದು ನಿಮ್ಮ ತನಕ ಬಂದೆ. ಈಗ ಬೈಯುತ್ತಾರೆ, ಬೈಯಲಿ, ಎಲ್ಲರ ಎದುರಿಗೇ ಬೈಯಲಿ ಅಂತ ಕಾಯುತ್ತಿದ್ದೆ. ನೀವು ಪಾಸು ತೋರಿಸಿದಿರಿ. ಆಮೇಲೆ ಕೇಳಿದಿರಿ:

“ನಿಮ್ಮ ಅಕ್ಕಾರ ಕಾಲು ಹ್ಯಾಂಗೈತ್ರಿ?”

ಪರವಾಗಿಲ್ಲ ಅಂದೆ. ನಿಮಗೆ ಎಲ್ಲವೂ ತಿಳಿದಿತ್ತು, ಆದರೂ ಕೇಳಿದಿರಿ. ನಾನು ತಿರುಗಿ ಮುಂದಿನವರಿಗೆ ಟಿಕೆಟ್ ಹರಿದೆ. ಆಗಲಾದರೂ — ಬಂಗಾರಪೇಟೆ ಇನ್ನೂ ದೂರವಿತ್ತು, ಹೇಳುವುದಕ್ಕೆ ಬೇಕಾದಷ್ಟು ಹೊತ್ತಿತ್ತು. ಹೇಳಲಿಲ್ಲ.

ಈಗ ಯಾಕೆ ಎಂದು ನೀವು ಕೇಳಬಹುದು. ಹೋದ ತಿಂಗಳು ಬಸ್ಸಿನಲ್ಲಿ ಒಬ್ಬ ಹಿರಿಯರು ಪಾಸ್‌ಬುಕ್ ಹಿಡಿದುಕೊಂಡು ಪೇಚಾಡುತ್ತಿದ್ದರು. ಅವರ ಖಾತೆಯಿಂದ ಯಾವುದೋ ಕಂಪನಿಗೆ ತಿಂಗಳು ತಿಂಗಳು ಹಣ ಹೋಗುತ್ತಿದೆಯಂತೆ. ಕಂಪನಿಯವರೇ ಒಪ್ಪಬೇಕು, ನಿನ್ನ ಕೈಯಲ್ಲಿಲ್ಲ ಎಂದು ಯಾರೋ ಹೆದರಿಸಿದ್ದಾರೆ. ನಾನು ಪಕ್ಕದಲ್ಲಿ ಕೂತೆ. ಖಾತೆ ನಿಮ್ಮದು ತಾತ, ನಿಲ್ಲಿಸಿ ಎಂದು ಬರೆದುಕೊಟ್ಟರೆ ಬ್ಯಾಂಕು ನಿಲ್ಲಿಸಲೇಬೇಕು ಅಂದೆ. ತಾರೀಖಿಗೆ ಮುಂಚೆ ಕೊಡಿ, ರಸೀದಿ ಇಟ್ಟುಕೊಳ್ಳಿ, ಕಂಪನಿಗೂ ಬೇರೆಯಾಗಿ ತಿಳಿಸಿ, ನಿಲ್ಲಿಸಿದರೆ ಏನೇನು ಹೋಗುತ್ತದೆ ಎಂದು ಮೊದಲು ಯೋಚಿಸಿ. ನೀವು ಹೇಳಿದ್ದನ್ನೇ, ನೀವು ಹೇಳಿದ ಕ್ರಮದಲ್ಲೇ ಒಪ್ಪಿಸಿದೆ. ಅವರು ನನ್ನ ಕೈ ಹಿಡಿದುಕೊಂಡರು.

“ಇದ್ನ ನಿಂಗೆ ಯಾರಪ್ಪಾ ಏಳ್ಕೊಟ್ಟೋರು? ಅವ್ರ ಒಟ್ಟೆ ತಣ್ಣಗಿರ್ಲಿ.”

ಅವರನ್ನು ಅವರ ಸ್ಟಾಪಿನಲ್ಲಿ ಕೈಹಿಡಿದು ಇಳಿಸಿದೆ. ಡ್ಯೂಟಿ ಮುಗಿಸಿ ಮನೆಗೆ ಹೋಗಲಿಲ್ಲ, ಸೀದಾ ಅಕ್ಕನ ಮನೆಗೆ ಹೋದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಎಲ್ಲವನ್ನೂ ಹೇಳಿದೆ, ಸೀಮಂತದ ದಿನದಿಂದ ಹಿಡಿದು. ಅವಳು ತನ್ನ ಕಾಲಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಸುಲಿದ ಕಾಳು ಮೊರದಲ್ಲಿ ಹಾಗೇ ಇತ್ತು. ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡಳು.

“ಆ ಉಡ್ಗಿಗೆ ಮಣ್ಣು ತೂರ್ಸಿದ್ಯಲ್ಲೋ ನನ್ನ ಕೈಲಿ. ಆ ತಾಯಿ ಬಾಯಿಂದ ‘ಓಗ್ಲಿ ಬಿಡು’ ಅನ್ನೋ ಮಾತು ಬರೋಗಂಟ ನನ್ನ ಮನೆ ಒಸ್ಲು ತುಳೀಬ್ಯಾಡ.”

ನಾನು ಅಳುತ್ತಾ ಎದ್ದು ಬಂದೆ. ಅವಳು ತಡೆಯಲಿಲ್ಲ.

ಮಾರನೇ ದಿನ ಬ್ಯಾಂಕಿಗೆ ಹೋದೆ. ಈಗಿನ ಮ್ಯಾನೇಜರಿಗೆ, ನನ್ನ ದೂರು ಸುಳ್ಳು, ಆ ಸಹಿ ನನ್ನದು, ಶೋಭಾ ಅವರದು ಯಾವ ಮೋಸವೂ ಇಲ್ಲ ಎಂದು ಬರೆದುಕೊಟ್ಟೆ. ಇದರಿಂದ ನಿಮ್ಮ ಮೇಲೆ ಕ್ರಮ ಆಗಬಹುದು, ಯೋಚನೆ ಮಾಡಿದ್ದೀರಾ ಎಂದು ಅವರು ಕೇಳಿದರು. ಮಾಡಿದ್ದೇನೆ ಅಂದೆ. ನಮ್ಮ ಡಿಪೋಗೂ ಒಂದು ಪ್ರತಿ ಕೊಟ್ಟಿದ್ದೇನೆ. ನೀವು ಎಲ್ಲಿದ್ದೀರಿ ಎಂದು ಕೇಳಿದ್ದಕ್ಕೆ, ಸಿಬ್ಬಂದಿಯ ವಿಷಯ ಹೊರಗಿನವರಿಗೆ ಹೇಳುವ ಹಾಗಿಲ್ಲ ಎಂದರು. ಈ ಕಾಗದವನ್ನು ತಲುಪಿಸುತ್ತೇವೆ ಎಂದು ಮಾತ್ರ ಒಪ್ಪಿಕೊಂಡಿದ್ದಾರೆ.

ಅಕ್ಕ ಸುಜಾತಳ ಕೈಯಲ್ಲಿ ನಿಮಗೆ ಬೇರೆ ಕಾಗದ ಬರೆಸುತ್ತಿದ್ದಾಳೆ. ಅದಕ್ಕೆ ಉತ್ತರ ಕೊಡುವುದು ಬಿಡುವುದು ನಿಮ್ಮಿಷ್ಟ. ಕೊಟ್ಟರೆ ಅವಳ ವಿಷಯ ಮಾತ್ರ ಬರೆಯಿರಿ, ನನ್ನ ಹೆಸರು ತರಬೇಡಿ. ನಿಮ್ಮನ್ನು ನಾನು ಬಲ್ಲೆ — ಮುದುಕಿಯ ಸಂಕಟ ಕೇಳಿದರೆ ಕರಗಿ, ಇರಲಿ ಬಿಡ್ರಿ, ತಮ್ಮನ್ನ ಒಳಗ ಕರೀರಿ ಅಂದುಬಿಡುತ್ತೀರಿ. ಒಂದು ಸಲ ನಿಮ್ಮ ಒಳ್ಳೆಯತನದಿಂದ ನನ್ನ ಮಾನ ಉಳಿಸಿಕೊಂಡು ನಿಮ್ಮದನ್ನು ಕಳೆದೆ. ಇನ್ನೊಂದು ಸಲ ಅದು ಬೇಡ. ಬ್ಯಾಂಕಿನವರು ಕರೆದು ಕೇಳಿದರೆ ಅವತ್ತು ನಡೆದದ್ದನ್ನು ಪೂರ್ತಿ ಹೇಳಿ, ಏನನ್ನೂ ಮುಚ್ಚಬೇಡಿ. ನಿಮ್ಮ ಹೆಸರಿನ ಮುಂದೆ ಬರೆದದ್ದನ್ನು ಅವರು ಹೊಡೆದುಹಾಕಿದರೆ ನನಗೆ ಅಷ್ಟು ಸಾಕು.

ದಿನಕ್ಕೆ ನಾಲ್ಕು ಸಲ ನನ್ನ ಬಸ್ಸು ಬೇತಮಂಗಲದಲ್ಲಿ ನಿಲ್ಲುತ್ತದೆ. ಸ್ಟಾಪಿನಿಂದ ಅಕ್ಕನ ಮನೆ ಕಾಣುತ್ತದೆ. ಬಸ್ಸಿನ ಸದ್ದಿಗೆ ಅವಳು ಕೋಲೂರಿಕೊಂಡು ಬಾಗಿಲಿಗೆ ಬರುತ್ತಾಳೆ, ನಿಲ್ಲುತ್ತಾಳೆ. ನಾನು ಇಳಿಯುವುದಿಲ್ಲ. ಹತ್ತುವವರು ಹತ್ತಿದ ಮೇಲೆ ಡ್ರೈವರಿಗೆ ರೈಟ್ ಹೇಳುತ್ತೇನೆ.